ಪುರುಷಸೂಕ್ತದ ಕನ್ನಡ ಪಿಡಿಎಫ್ ನಂಬಬಹುದಾ, ಇಲ್ಲ ದೇವನಾಗರಿಗೇ ಹೋಗಬೇಕಾ?

ಕುಕ್ಕರಹಳ್ಳಿ ವಾಕರ್
ಮೈಸೂರಿನ ಪಾರಾಯಣ ಗುಂಪುಗಳ ವಾಟ್ಸಾಪ್‌ನಲ್ಲಿ ಓಡಾಡ್ತಿರೋ, ವೇದದ ಸ್ತುತಿಯಾದ ಪುರುಷಸೂಕ್ತದ ಕನ್ನಡ ಪಿಡಿಎಫ್‌ಗಳಲ್ಲಿ ಸ್ವರದ ಗೆರೆಗಳು (ದನಿ ಎಲ್ಲಿ ಏರಬೇಕು, ಎಲ್ಲಿ ಇಳೀಬೇಕು ಅನ್ನೋ ಗುರುತು) ಒಂದೊಂದರಲ್ಲಿ ಒಂದೊಂದು ಕಡೆ ಇವೆ. ಒಂದರಲ್ಲಿ ಅಡಿಗೆರೆ ಒತ್ತಕ್ಷರದ ಮೇಲೇ ಕೂತಿದೆ, ಇನ್ನೊಂದರಲ್ಲಿ ಪಕ್ಕದ ಅಕ್ಷರಕ್ಕೆ ಹೋಗಿದೆ, ಮತ್ತೊಂದರಲ್ಲಿ ಗೆರೆಯ ಜೊತೆ ಚುಕ್ಕಿಚುಕ್ಕಿಯ ಒಂದು ವೃತ್ತ ಬಂದಿದೆ. ಈಗ ಮೂರು ಪಕ್ಷ ಆಗಿವೆ. ಒಂದು: ಕನ್ನಡ ಲಿಪೀಲಿ ವೇದ ಸರಿಹೋಗಲ್ಲ, ದೇವನಾಗರಿ ಕಲೀರಿ. ಎರಡು: ಲಿಪಿ ಯಾವುದಾದ್ರೇನು, ಆಡಿಯೋ ಹಾಕ್ಕೊಂಡು ಹೇಳಿ. ಮೂರು: ಅರ್ಥ ಆಗದ ಭಾಷೆ ಯಾಕೆ, ಕನ್ನಡದಲ್ಲೇ ಪ್ರಾರ್ಥನೆ ಮಾಡೋಣ.

ಬಲ್ಲವರು ಹೇಳಿ. "ಭಕ್ತಿ ಇದ್ರೆ ಸಾಕು" ಅನ್ನೋ ಉತ್ತರ ಗುಂಪಿನಲ್ಲೇ ಬೇಕಾದಷ್ಟು ಸಿಕ್ಕಿದೆ, ಇಲ್ಲಿ ಬೇಡ.

ಅಗ್ರಹಾರ ಸರ್ಕಲ್
ಭಕ್ತಿ ಇದ್ರೆ ಸಾಕು :)

ಸಂಥೆ ಮೇಷ್ಟ್ರು
ಮೊದಲನೇ ಪಕ್ಷದ ಮಾತು ನಿಲ್ಲೋದಿಲ್ಲ. ಸಂಸ್ಕೃತಕ್ಕೆ ತನ್ನದೇ ಅಂತ ಒಂದು ಲಿಪಿ ಎಂದೂ ಇರಲಿಲ್ಲ. ಶಾಮಾಶಾಸ್ತ್ರಿಗಳು ಇದೇ ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಓಲೆಗರಿ "ಗ್ರಂಥ" ಅನ್ನೋ ತಮಿಳು ಸೀಮೆಯ ಲಿಪಿಯದು. ಮಾಧ್ವ ಮಠಗಳಲ್ಲಿ ನಂದಿನಾಗರಿ, ತುಳು ಲಿಪಿಯ ಪ್ರತಿಗಳಿವೆ. ನಮ್ಮ ಕಡೆ ವೈದಿಕರ ಮನೆಗಳಲ್ಲಿ ಕನ್ನಡ, ತೆಲುಗು ಲಿಪಿಯ ಪುಸ್ತಕಗಳೇ ಹೆಚ್ಚು. ದೇವನಾಗರಿಯೇ ಸಂಸ್ಕೃತದ ಲಿಪಿ ಅನ್ನೋ ಭಾವನೆ ಅಚ್ಚಿನ ಕಾಲದ್ದು.

ಎರಡನೇ ಪಕ್ಷಕ್ಕೆ ಒಂದು ಎಚ್ಚರಿಕೆ. ಆಡಿಯೋ ಹಾಕುವ ಮುಂಚೆ ಶಾಖೆ, ಅಂದರೆ ಯಾವ ವೇದದ ಪಾಠ ಅಂತ ನೋಡಿ. ಋಗ್ವೇದದ ಪುರುಷಸೂಕ್ತ ಹತ್ತನೇ ಮಂಡಲದ 90ನೇ ಸೂಕ್ತ, 16 ಋಕ್ಕು (ಮಂತ್ರ). ಕೃಷ್ಣಯಜುರ್ವೇದದ ತೈತ್ತಿರೀಯ ಆರಣ್ಯಕದ್ದು 18. ಎರಡನೇ ಮಂತ್ರ ನೋಡಿದರೆ ಗೊತ್ತಾಗುತ್ತೆ: "ಪುರುಷ ಏವೇದಂ ಸರ್ವಂ" ಅಂತಿದ್ದರೆ ಋಗ್ವೇದ, "ಪುರುಷ ಏವೇದಗ್ಂ ಸರ್ವಮ್" ಅಂತಿದ್ದರೆ ಕೃಷ್ಣಯಜುರ್ವೇದ. ಕ್ರಮವೂ ಬೇರೆ. "ಸಪ್ತಾಸ್ಯಾಸನ್ ಪರಿಧಯಃ" ಋಗ್ವೇದದಲ್ಲಿ 15ನೆಯದು, ಯಜುರ್ವೇದದಲ್ಲಿ 7ನೆಯದು. ಗುಂಪುಗಳಲ್ಲಿ ಆಗೋ ಎಡವಟ್ಟು ಬಹುಪಾಲು ಇದೇ. ಪಠ್ಯ ಒಂದು ಶಾಖೆಯದು, ಆಡಿಯೋ ಇನ್ನೊಂದರದು. ಆರನೇ ಮಂತ್ರದವರೆಗೆ ಜೊತೆಯಲ್ಲಿ ಹೋಗ್ತಾರೆ, ಏಳಕ್ಕೆ ಬಂದಾಗ ಅರ್ಧ ಜನ ಪುಟ ಹುಡುಕ್ತಾ ಕೂರ್ತಾರೆ. ಆ "ಗ್ಂ" ಕೂಡ ಅಚ್ಚಿನ ತಪ್ಪಲ್ಲ. ಶ, ಷ, ಸ, ಹ, ರ ಮುಂದೆ ಬಂದಾಗ ತೈತ್ತಿರೀಯದವರು ಅನುಸ್ವಾರವನ್ನು ಹಾಗೇ ಹೇಳೋದು. ಅದನ್ನ ಯಾರೋ "ತಿದ್ದಿ" ಬರೀ ಸೊನ್ನೆ ಮಾಡಿರೋ ಪ್ರತಿಗಳೂ ಇವೆ, ನೋಡಿಕೊಳ್ಳಿ.

ಫಾಂಟ್ ರಿಪೇರಿ
ಮೇಷ್ಟ್ರು ಹೇಳಿದ್ದಕ್ಕೆ ನನ್ನ ಕಡೆಯಿಂದ ಫೈಲಿನ ವಿಷಯ. ಲಿಪಿ ಸರಿಯಾಗೇ ಇದೆ, ಕೆಟ್ಟಿರೋದು ಫೈಲು.

ಸ್ವರಚಿಹ್ನೆಗಳಿಗೆ ಯೂನಿಕೋಡಿನಲ್ಲಿ (ಕಂಪ್ಯೂಟರಿಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟಿರೋ ಪಟ್ಟಿ) ಕನ್ನಡದ್ದೇ ಬೇರೆ ಸಂಕೇತ ಇಲ್ಲ. ಮೇಲಿನ ಗೆರೆ (ಸ್ವರಿತ, ದನಿ ಎತ್ತರ) 0951, ಅಡಿಗೆರೆ (ಅನುದಾತ್ತ, ದನಿ ತಗ್ಗು) 0952, ಎರಡೂ ದೇವನಾಗರಿ ಪಟ್ಟಿಯಲ್ಲಿವೆ, ಎಲ್ಲ ಲಿಪಿಗಳೂ ಅವನ್ನೇ ಬಳಸಬೇಕು. (0951ಕ್ಕೆ ಪಟ್ಟಿಯಲ್ಲಿ ಉದಾತ್ತ, ಅಂದ್ರೆ ಸಮ ದನಿ, ಅಂತ ಹೆಸರಿಟ್ಟು, ಬಳಸೋದು ಸ್ವರಿತಕ್ಕೆ. ಅದು ಹಳೇ ಗೊಂದಲ.) ಜೋಡಿಗೆರೆಯ ದೀರ್ಘಸ್ವರಿತ ಮಾತ್ರ ವೇದಕ್ಕೇ ಅಂತ ಇರೋ ಬೇರೆ ಪಟ್ಟಿಯಲ್ಲಿದೆ. ನಿಮ್ಮ ಕನ್ನಡ ಫಾಂಟಿನಲ್ಲಿ ಈ ಮೂರೂ ಇಲ್ಲದಿದ್ರೆ ಕಂಪ್ಯೂಟರು ಬೇರೆ ಫಾಂಟಿಂದ ಗೆರೆ ಸಾಲ ತರುತ್ತೆ. ಅದಕ್ಕೆ ಯಾವ ಅಕ್ಷರದ ಮೇಲೆ ಕೂರಬೇಕು ಅಂತ ಗೊತ್ತಿರಲ್ಲ. ಆಗಲೇ ಆ ಚುಕ್ಕಿ ವೃತ್ತ ಬರೋದು.

ಇನ್ನೊಂದು ಕಾರಣ ಟೈಪ್ ಮಾಡೋ ಕ್ರಮ. ಮೊದಲು ಅಕ್ಷರ, ಆಮೇಲೆ ಅನುಸ್ವಾರ ಅಥವಾ ವಿಸರ್ಗ, ಕೊನೆಗೆ ಸ್ವರ. ತಿರುವುಮುರುವು ಮಾಡಿದ್ರೂ ವೃತ್ತ ಬರುತ್ತೆ. ದೇವನಾಗರಿಯಲ್ಲಿ ಸೊನ್ನೆ ಅಕ್ಷರದ ತಲೆ ಮೇಲೆ ಇರೋದ್ರಿಂದ ತೊಂದರೆ ಕಾಣಲ್ಲ. ನಮ್ಮಲ್ಲಿ ಸೊನ್ನೆ ಪಕ್ಕದಲ್ಲಿ ಕೂರುತ್ತೆ, ಹಾಗಾಗಿ ಗೆರೆ ಸೊನ್ನೆ ಮೇಲೆ ತೇಲುತ್ತೆ. ಓದೋವಾಗ ಅದು ಹಿಂದಿನ ಅಕ್ಷರದ್ದು ಅಂತಲೇ ತಿಳ್ಕೋಬೇಕು.

ಒತ್ತಕ್ಷರ ಮೂರನೇ ತಲೆನೋವು. ಅಡಿಗೆರೆಗೂ ಒತ್ತಿಗೂ ಜಾಗ ಒಂದೇ. ಯೂನಿಕೋಡಿಗೂ ಮುಂಚಿನ ಹಳೇ ಆನ್ಸಿ ಫಾಂಟಿನ ಫೈಲನ್ನ ಯೂನಿಕೋಡಿಗೆ ತಿರುಗಿಸಿದ್ರಂತೂ ಗೆರೆಗಳು ಪೂರ್ತಿ ಮಾಯ ಆಗಬಹುದು, ಇಲ್ಲಾಂದ್ರೆ ಬೇರೆ ಏನೋ ಅಕ್ಷರವಾಗಿ ಬರುತ್ತೆ.

ಕುಕ್ಕರಹಳ್ಳಿ ವಾಕರ್
ಸರ್, ಒಂದು ಸಾಲು ತಗೊಂಡು ತೋರಿಸಿದ್ರೆ ಉಪಕಾರ.

ಸಂಥೆ ಮೇಷ್ಟ್ರು
ತಗೊಳ್ಳಿ, ಮೊದಲನೇ ಸಾಲೇ. "ಸಹಸ್ರಶೀರ್ಷಾ ಪುರುಷಃ".

ಸ – ಅಡಿಗೆರೆ (ಅನುದಾತ್ತ, ತಗ್ಗು). ಹ – ಗುರುತಿಲ್ಲ (ಉದಾತ್ತ, ಸಮ). ಸ್ರ – ಮೇಲೆ ಗೆರೆ (ಸ್ವರಿತ, ಎತ್ತರ). ಶೀ – ಗುರುತಿಲ್ಲ. ರ್ಷಾ – ಅಡಿಗೆರೆ. ಪು – ಗುರುತಿಲ್ಲ. ರು – ಮೇಲೆ ಗೆರೆ. ಷಃ – ಗುರುತಿಲ್ಲ.

ಮುಂದಿನದು "ಸಹಸ್ರಾಕ್ಷಃ ಸಹಸ್ರಪಾತ್". ಯಜುರ್ವೇದದ ಪಾಠದಲ್ಲಿ ಇಲ್ಲಿ ಸ, ಹ, ಸ್ರಾ ಮೂರಕ್ಕೂ ಸಾಲಾಗಿ ಅಡಿಗೆರೆ (ಋಗ್ವೇದದಲ್ಲಿ ಸ್ರಾಕ್ಕೆ ಮಾತ್ರ), ಕ್ಷಃ ಗುರುತಿಲ್ಲ. ಆಮೇಲೆ ಸ ಅಡಿಗೆರೆ, ಹ ಗುರುತಿಲ್ಲ, ಸ್ರ ಮೇಲ್ಗೆರೆ, ಪಾತ್ ಗುರುತಿಲ್ಲ.

ಕೆಟ್ಟ ಪಿಡಿಎಫ್ ಕೈ ಕೊಡೋದು ಎರಡು ಜಾಗದಲ್ಲಿ. "ರ್ಷಾ"ದ ಗೆರೆ ಷಾ ಕೆಳಗೆ ಬೀಳದೆ ಅರ್ಕಾವೊತ್ತಿನ ಕೆಳಗೆ ಬಿದ್ದಿರುತ್ತೆ, ಓದುವವರು ಅದನ್ನ ಮುಂದಿನ "ಪು"ಗೆ ಸೇರಿಸಿ ಪು ತಗ್ಗಿಸ್ತಾರೆ. "ಸ್ರಾ"ದ ಗೆರೆ ರ ಒತ್ತಿನೊಳಗೆ ಮುಚ್ಚಿಹೋಗಿರುತ್ತೆ, ಮೂರು ತಗ್ಗು ಇರಬೇಕಾದ ಕಡೆ ಎರಡೇ ಬರುತ್ತೆ. ಯಾವುದೇ ಹೊಸ ಪಿಡಿಎಫ್ ಬಂದರೂ ಈ ಎರಡು ಅಕ್ಷರ ಮೊದಲು ನೋಡಿ. ಇಲ್ಲೇ ತಪ್ಪಿದ್ದರೆ ಉಳಿದದ್ದನ್ನ ಪರೀಕ್ಷೆ ಮಾಡೋ ಶ್ರಮ ಬೇಡ, ಅಳಿಸಿಹಾಕಿ.

ಚಾಮುಂಡಿಪುರಂ
ಅಂದ್ರೆ ಗುರುತಿಲ್ಲದ್ದೆಲ್ಲ ಉದಾತ್ತ ಅಂತ ತಾನೆ? ಸುಲಭ ಆಯ್ತಲ್ಲ.

ಸಂಥೆ ಮೇಷ್ಟ್ರು
ಅಲ್ಲ ಸರ್. ಸ್ವರಿತ ಆದ ಮೇಲೆ ಬರೋ ಗುರುತಿಲ್ಲದ್ದು ಪ್ರಚಯ. ಮೇಲಿನ ಸಾಲಲ್ಲಿ "ಶೀ" ಪ್ರಚಯ, "ಪು" ಉದಾತ್ತ. ಹೇಳೋವಾಗ ಎರಡೂ ಸಮ ಶ್ರುತಿಯಲ್ಲೇ ಬರೋದ್ರಿಂದ ಪಾರಾಯಣಕ್ಕೆ ತೊಂದರೆ ಇಲ್ಲ. ಆದರೆ ಪದ ಬಿಡಿಸಿ ಹೇಳೋ ಪದಪಾಠಕ್ಕೆ ಹೋದಾಗ, ವ್ಯಾಕರಣ ನೋಡುವಾಗ ಈ ವ್ಯತ್ಯಾಸ ಗೊತ್ತಿಲ್ಲದಿದ್ರೆ ಎಲ್ಲ ಗೋಜಲು.

ಚಾಮುಂಡಿಪುರಂ
ಓಹೋ. ಸುಲಭ ಅಂದದ್ದು ವಾಪಸ್.

ವೀಣೆ ಶೇಷಣ್ಣ ರಸ್ತೆ
ಸಂಗೀತ ಗೊತ್ತಿರೋರಿಗೆ: ಅನುದಾತ್ತ ನಿ, ಉದಾತ್ತ ಸ, ಸ್ವರಿತ ರಿ, ಅಷ್ಟೇ ಅಂತರ. ಸಂಗೀತ ಕಲಿತೋರು ಮಾಡೋ ತಪ್ಪು ಏನಂದ್ರೆ ಗಮಕ (ಸ್ವರವನ್ನ ಅಲುಗಿಸಿ ಹಾಡೋದು) ಸೇರಿಸೋದು. ಮಂತ್ರಕ್ಕೆ ಗಮಕ ಇಲ್ಲ, ಸ್ವರ ನೇರ ನಿಲ್ಲಬೇಕು.

ಸಂಥೆ ಮೇಷ್ಟ್ರು
ಉಚ್ಚಾರಣೆಯ ಗ್ರಂಥವಾದ ಪಾಣಿನೀಯ ಶಿಕ್ಷೆ ಅಧಮ ಪಾಠಕರ ಪಟ್ಟಿಯಲ್ಲಿ ಮೊದಲು ಹಾಕಿರೋದೇ "ಗೀತೀ", ರಾಗವಾಗಿ ಹಾಡೋನು. ಆಮೇಲೆ ಆತುರದವನು, ತಲೆ ಆಡಿಸೋನು, ಬರೆದದ್ದು ನೋಡಿ ಓದೋನು, ಅರ್ಥ ತಿಳಿಯದವನು, ಕ್ಷೀಣ ಕಂಠದವನು. ಒಟ್ಟು ಆರು ಜನ.

ಅಗ್ರಹಾರ ಸರ್ಕಲ್
ಆರರಲ್ಲಿ ಐದು ನಾವೇ. ಪಿಡಿಎಫ್ ಚರ್ಚೆ ಇಲ್ಲಿಗೆ ಮುಗೀತು ಅನ್ಸುತ್ತೆ, "ಬರೆದದ್ದು ನೋಡಿ ಓದೋನು" ಅಂತ ಶಿಕ್ಷೆಯೇ ಬೈದುಬಿಟ್ಟಿದೆ.

ಫಾಂಟ್ ರಿಪೇರಿ
ಅದೇ ಪಟ್ಟಿಯಲ್ಲಿ "ಅರ್ಥ ತಿಳಿಯದವನು" ಕೂಡ ಇದಾನೆ ಅಣ್ಣ. ಅರ್ಥ ಬೇಡ, ಶಬ್ದ ಸಾಕು ಅನ್ನೋರು ಅದನ್ನ ಓದದೆ ದಾಟಿಬಿಡ್ತಾರೆ.

ಸಕ್ಕರೆ ನಾಡು
ನಮ್ ಮಂಡ್ಯ ಕಡೆ ಸ್ವರಕ್ಕಿಂತ ಮುಂಚೆ ಹಕಾರದ್ದೇ ಪಂಚಾಯ್ತಿ ಸಾಮಿ. ಹಾಲು ಆಲಾಗ್ತದೆ, ಹೂವು ಊವಾಗ್ತದೆ. ಹಂಗಿದ್ದೋರ್ ಬಾಯಲ್ಲಿ "ಸಹಸ್ರ" ಏನಾಗ್ಬೇಕು ಯೋಳಿ? ಸಾಸ್ರ!

ಸಂಥೆ ಮೇಷ್ಟ್ರು
ತಮಾಷೆ ಅಲ್ಲ, ಅಲ್ಲಿಂದಲೇ ಶುರು ಮಾಡಬೇಕು. ಕನ್ನಡಿಗರ ಬಾಯಲ್ಲಿ ತಪ್ಪೋವು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಮಹಾಪ್ರಾಣ ಬಿದ್ದು ಹೋಗೋದು ಎಲ್ಲರಿಗೂ ಗೊತ್ತು. ಗೊತ್ತಾಗದೇ ಆಗೋದು ಪದದ ಮೊದಲಿಗೆ ಯ, ವ ಸೇರಿಕೊಳ್ಳೋದು: "ಏವ" ಅನ್ನೋಕೆ "ಯೇವ", "ಓಂ" ಅನ್ನೋಕೆ "ವೋಂ". ಕನ್ನಡ ಮಾತಲ್ಲಿ ಸಹಜ, ಮಂತ್ರದಲ್ಲಿ ವರ್ಣದೋಷ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲವೇ ಇಲ್ಲ, ನಾವು ಆತುರದಲ್ಲಿ ಏ, ಓ ಎರಡನ್ನೂ ಮೊಟಕು ಮಾಡ್ತೀವಿ. "ಬ್ರಹ್ಮ"ವನ್ನ "ಬ್ರಮ್ಹ" ಮಾಡೋದು, "ವಹ್ನಿ"ಯನ್ನ "ವನ್ಹಿ" ಮಾಡೋದು ಇನ್ನೊಂದು. ಅವಗ್ರಹ (ಽ, ಸಂಧಿಯಲ್ಲಿ ಬಿದ್ದುಹೋದ ಅಕಾರದ ಗುರುತು) ಬಿಟ್ಟು ಟೈಪ್ ಮಾಡಿದ ಪಿಡಿಎಫ್‌ಗಳಲ್ಲಿ ಪದ ಎಲ್ಲಿ ಒಡೀಬೇಕು ಅನ್ನೋದೇ ತಿಳಿಯಲ್ಲ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ಕಲಿಯಬೇಕಾದ ಆರು ಅಂಶ ಹೇಳುತ್ತೆ: ವರ್ಣ (ಅಕ್ಷರ), ಸ್ವರ, ಮಾತ್ರೆ (ಹ್ರಸ್ವ-ದೀರ್ಘದ ಅಳತೆ), ಬಲ (ಉಚ್ಚಾರಣೆಯ ಒತ್ತು), ಸಾಮ (ಸಮವಾದ ಓಟ), ಸಂತಾನ (ಕಡಿಯದೆ ಜೋಡಿಸಿ ಹೇಳೋದು). ವರ್ಣ ಮೊದಲು. ಅಕ್ಷರ ತಿದ್ದದೇ ಸ್ವರಕ್ಕೆ ಹೋದರೆ ಆಮೇಲೆ ಎರಡನ್ನೂ ಮತ್ತೆ ಕಲೀಬೇಕು.

ಕ್ರಮ ಹೇಳ್ತೀನಿ, ಗುಂಪಿನಲ್ಲಿ ಮಾಡಬಹುದು. ಒಂದು ಕೂಟಕ್ಕೆ ಎರಡು ಮಂತ್ರಕ್ಕಿಂತ ಹೆಚ್ಚು ಬೇಡ. 18 ಮಂತ್ರಕ್ಕೆ ಒಂಬತ್ತು ಕೂಟ. ಮೊದಲ ಸುತ್ತು ಸ್ವರವಿಲ್ಲದೆ, ಬರೀ ಅಕ್ಷರ, ನಿಧಾನವಾಗಿ. ಎರಡನೇ ಸುತ್ತು ಸಂಥೆ: ಗುರು ಒಂದು ಸಲ, ಶಿಷ್ಯರು ಎರಡು ಸಲ. ಮೊದಲು ಕಾಲು ಮಂತ್ರ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಎಲ್ಲರೂ ಒಟ್ಟಿಗೆ ಹೇಳಿದ ಮೇಲೆ ಒಬ್ಬೊಬ್ಬರಾಗಿ ಹೇಳಿಸಲೇಬೇಕು. ಗುಂಪಿನ ದನಿಯಲ್ಲಿ ತಪ್ಪು ಮುಚ್ಚಿಹೋಗುತ್ತೆ. ಅಲ್ಲಿ ಸಿಕ್ಕಿಕೊಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಮುಂದಿನ ಕೂಟ ಆ ಗುರುತಿಂದಲೇ ಶುರು.

ಇದರಲ್ಲಿ ಆಡಿಯೋ ಮಾಡಲಾಗದ ಕೆಲಸ ಒಂದೇ. ಅದು ಹೇಳಿಕೊಡುತ್ತೆ, ಕೇಳಿಸಿಕೊಳ್ಳಲ್ಲ. ತಿದ್ದೋ ಕಿವಿ ಬೇಕು.

ಫಾಂಟ್ ರಿಪೇರಿ
ತಿದ್ದೋ ಕಿವಿ ಕುವೆಂಪುನಗರದಲ್ಲಿ ಸಂಜೆ ಏಳಕ್ಕೆ ಸಿಗಬೇಕಲ್ಲ ಮೇಷ್ಟ್ರೇ. ಸಿಗದವರಿಗೆ: ಅರ್ಧ ಮಂತ್ರ ಫೋನಲ್ಲಿ ರೆಕಾರ್ಡ್ ಮಾಡಿ, ಮೂಲ ಆಡಿಯೋದ ಅದೇ ಅರ್ಧದ ಪಕ್ಕದಲ್ಲಿಟ್ಟು ಒಂದಾದ ಮೇಲೊಂದು ಕೇಳಿ. ಮೂಲವನ್ನ ಮುಕ್ಕಾಲು ವೇಗಕ್ಕಿಳಿಸಿ. ಅದಕ್ಕಿಂತ ಕೆಳಗಿಳಿಸಿದ್ರೆ ಹ್ರಸ್ವವೂ ದೀರ್ಘದ ಹಾಗೆ ಕೇಳಿಸುತ್ತೆ. ಅಚ್ಚು ಹಾಕ್ಕೊಳ್ಳೋದಾದ್ರೆ ಅಕ್ಷರ 16 ಪಾಯಿಂಟ್, ಸಾಲಿನ ಅಂತರ ಎರಡರಷ್ಟು. ಒಂದೂವರೆ ಇಟ್ರೆ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಸ್ವರಿತ ಡಿಕ್ಕಿ ಹೊಡೀತವೆ.

ಬನ್ನಿಮಂಟಪ
ಇಂದ್ರನನ್ನ ಕೊಲ್ಲೋನು ಹುಟ್ಟಲಿ ಅಂತ ಹೇಳಿದ "ಇಂದ್ರಶತ್ರು" ಮಂತ್ರ ಸ್ವರ ತಪ್ಪಿ ಇಂದ್ರನಿಂದಲೇ ಸಾಯೋನು ಅಂತ ಆಯ್ತಲ್ಲ, ಹಾಗೆ ಸ್ವರ ತಪ್ಪಿದ್ರೆ ಅನರ್ಥ ಆಗುತ್ತೆ ಅಂತ ಹೇಳೋದನ್ನ ಯಾರೂ ಮರೀಬೇಡಿ.

ಫಾಂಟ್ ರಿಪೇರಿ
ಬಂತಪ್ಪ ಇಂದ್ರಶತ್ರು. ಇನ್ನೂ ಯಾಕೆ ಬಂದಿಲ್ಲ ಅಂತ ನೋಡ್ತಿದ್ದೆ.

ಸಂಥೆ ಮೇಷ್ಟ್ರು
ಹೆದರಿಸಿ ಕಲಿಸಬೇಡಿ. ಹೊಸಬರು, ಗುರು ಸಿಗದವರು ಸ್ವರವಿಲ್ಲದ ಪಠ್ಯದಿಂದ ಶುರು ಮಾಡಲಿ. ವಿಷ್ಣುಸಹಸ್ರನಾಮ ಮಹಾಭಾರತದ ಅನುಶಾಸನ ಪರ್ವದ್ದು, ಅದಕ್ಕೆ ವೇದಸ್ವರ ಇಲ್ಲ. ಛಂದಸ್ಸು ಅನುಷ್ಟುಪ್, ಪಾದಕ್ಕೆ ಎಂಟು ಅಕ್ಷರ: ವಿ-ಶ್ವಂ-ವಿ-ಷ್ಣು-ರ್ವ-ಷ-ಟ್ಕಾ-ರೋ. ಎಂಟು ಬರಲಿಲ್ಲ ಅಂದರೆ ಎಲ್ಲೋ ಅಕ್ಷರ ನುಂಗಿದ್ದೀರಿ ಅಂತ ಲೆಕ್ಕ. ತಪ್ಪು ತಾನೇ ಸಿಕ್ಕಿಬೀಳುತ್ತೆ, ಯಾರ ಕಿವಿಯೂ ಬೇಡ.

ಪುಳಿಯೋಗರೆ ಅಯ್ಯಂಗಾರ್
ಎಲ್ಲರೂ ಸಂಸ್ಕೃತ ಒಂದೇ ದೇವಭಾಷೆ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಮೇಲುಕೋಟೆಗೆ ಬನ್ನಿ ಸ್ವಾಮಿ. ಉತ್ಸವದಲ್ಲಿ ಪೆರುಮಾಳಿನ ಮುಂದೆ ಹೋಗೋದು ದಿವ್ಯಪ್ರಬಂಧದ (ಆಳ್ವಾರರ ಹಾಡುಗಳ) ಗೋಷ್ಠಿ, ತಮಿಳು. ವೇದಪಾರಾಯಣದ ಗೋಷ್ಠಿ ಹಿಂದೆ ಬರುತ್ತೆ. ಶ್ರೀವೈಷ್ಣವ ಕ್ಷೇತ್ರಗಳಲ್ಲಿ ಇದೇ ಪದ್ಧತಿ. ಉಭಯವೇದಾಂತ ಅಂದ್ರೆ ಇದೇ, ಎರಡೂ ವೇದ. ನಮ್ಮಾಳ್ವಾರರ ತಿರುವಾಯ್ಮೊಳಿಯ 1102 ಪಾಶುರಕ್ಕೆ (ಪದ್ಯಕ್ಕೆ) ದ್ರಾವಿಡವೇದ ಅಂತಲೇ ಹೆಸರು. ಆ ತಮಿಳನ್ನ ಕನ್ನಡ ಮಾತಾಡೋರು ಕನ್ನಡ ಲಿಪೀಲೇ ಓದಿ ಕಲೀತಾರೆ.

ಲಿಪಿ ಸಮಸ್ಯೆ ಇಲ್ಲಿ ಉಲ್ಟಾ. ತಮಿಳಲ್ಲಿ ಕ-ಗ, ತ-ದ, ಪ-ಬ ಎಲ್ಲಕ್ಕೂ ಒಂದೇ ಅಕ್ಷರ. ಕನ್ನಡಕ್ಕೆ ತರುವಾಗ ಎಲ್ಲಿ ಯಾವುದು ಅಂತ ಪುಸ್ತಕ ಮಾಡಿದವರೇ ತೀರ್ಮಾನ ಮಾಡಿರ್ತಾರೆ, ಹಾಗಾಗಿ ಒಂದೊಂದು ಪುಸ್ತಕದಲ್ಲಿ ಒಂದೊಂದು. ತಂತ್ರಾಂಶದಲ್ಲಿ ಅಕ್ಷರಕ್ಕೆ ಅಕ್ಷರ ತಿರುಗಿಸಿದ್ರೆ "ಗೋವಿಂದ" ಹೋಗಿ "ಕೋವಿಂತ" ಆಗುತ್ತೆ. ಜೊತೆಗೆ ೞ, ಱ. ಧನುರ್ಮಾಸದಲ್ಲಿ ಹೇಳೋ ಆಂಡಾಳ್ ತಿರುಪ್ಪಾವೈ ಶುರುವಾಗೋದೇ "ಮಾರ್ಗೞಿತ್ತಿಂಗಳ್" ಅಂತ. ೞ ಇಲ್ಲದ ಪುಸ್ತಕದಲ್ಲಿ ಅದು ಳ ಆಗಿರುತ್ತೆ, ಧನುರ್ಮಾಸದ 30 ದಿನ ಮೊದಲ ಪದದಲ್ಲೇ ತಪ್ಪು. ಇವೆರಡೂ ಹಳಗನ್ನಡದಲ್ಲಿ ಇದ್ದ ಅಕ್ಷರಗಳೇ. ಕನ್ನಡದೋರು ಮರೆತದ್ದನ್ನ ಮೇಲುಕೋಟೆಯ ತಮಿಳು ಪುಸ್ತಕ ಉಳಿಸಿಕೊಂಡಿದೆ.

ಫಾಂಟ್ ರಿಪೇರಿ
ಯೂನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು "ಫ" ಅಂತ ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಾಯಿಸಲ್ಲ ಅನ್ನೋದು ಅವರ ನಿಯಮ, ಹಾಗಾಗಿ ತಪ್ಪು ಶಾಶ್ವತ.

ಸಕ್ಕರೆ ನಾಡು
ಅಯ್ಯಂಗಾರ್ ಸಾಮಿ, ನಾಮದ ವಿಚಾರನೂ ಒಸಿ ಯೋಳ್ಬುಡಿ.

ನಿರ್ವಾಹಕರು
ವಡಗಲೆ-ತೆಂಗಲೆ (ಶ್ರೀವೈಷ್ಣವರ ಎರಡು ಪಂಗಡ) ಜಗಳ ಇಲ್ಲಿ ಬೇಡ. ವೇದ ಯಾರು ಹೇಳಬಹುದು, ಯಾರು ಹೇಳಬಾರದು ಅನ್ನೋದಕ್ಕೂ ಬೇರೆ ಚರ್ಚೆ ಇದೆ, ಅಲ್ಲಿ ಬರೀರಿ.

ಕಪಿಲೆ ದಡ
ಮೂರನೇ ಪಕ್ಷಕ್ಕೆ ಯಾರೂ ಉತ್ತರಾನೇ ಕೊಟ್ಟಿಲ್ಲ. ಕನ್ನಡದಲ್ಲಿ ಪ್ರಾರ್ಥನೆ ಅಂದ್ರೆ ಏನೋ ಹೊಸದು, ಸುಲಭದ್ದು ಅನ್ನೋ ಧಾಟಿ ಯಾಕೆ? 12ನೇ ಶತಮಾನದ ಶರಣರು ಅನುಭಾವವನ್ನ ಹೇಳಿದ್ದೇ ಕನ್ನಡದಲ್ಲಿ. ಹರಿದಾಸರೂ ಅಷ್ಟೇ. ಈಗಲೂ ವಚನ ಓದಿಸಿ ಮದುವೆ ಮಾಡೋ ಮನೆಗಳಿವೆ. ಕುವೆಂಪು ಅವರ ಮಂತ್ರಮಾಂಗಲ್ಯ ಮೈಸೂರಿನವರಿಗೆ ಹೇಳಿಕೊಡಬೇಕಾ? ವಧೂವರರು ಅರ್ಥವಾಗೋ ಕನ್ನಡದಲ್ಲಿ ಪ್ರಮಾಣ ಮಾಡ್ತಾರೆ, ಪುರೋಹಿತರ ಬಾಯಿಂದ ಅಲ್ಲ.

ಕೋರ್ಟ್ ಹಿಂದಿನ ಬೀದಿ
ಒಂದು ವ್ಯಾವಹಾರಿಕ ಮಾತು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮು ವಧು ಅಥವಾ ವರ, ಇಬ್ಬರಲ್ಲೊಬ್ಬರ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು ಅನ್ನುತ್ತೆ. ಯಾವ ಭಾಷೆ ಅಂತ ಎಲ್ಲೂ ಹೇಳಿಲ್ಲ. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ. ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಮದುವೆಗೆ ಅಂತಲೇ 7ಎ ಸೇರಿಸಿಕೊಂಡಿದ್ದಾರೆ, ಅದು ಕರ್ನಾಟಕಕ್ಕೆ ಅನ್ವಯ ಇಲ್ಲ. ಹಾಗಾಗಿ ರೂಢಿಯ ವಿಧಿ ಬಿಟ್ಟು ಬರೀ ಪ್ರಮಾಣವಚನದಲ್ಲಿ ಮದುವೆ ಆಗೋರು ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳೋದು ಕ್ಷೇಮ. 30 ದಿನದ ನೋಟಿಸ್ ಇರುತ್ತೆ, ಛತ್ರ ಬುಕ್ ಮಾಡೋ ಮುಂಚೆ ಅದನ್ನ ಲೆಕ್ಕ ಹಾಕಿ.

ಸಂಥೆ ಮೇಷ್ಟ್ರು
ಕಪಿಲೆಯವರೇ, ನನ್ನ ಆಕ್ಷೇಪ ಕನ್ನಡಕ್ಕಲ್ಲ, ಅನುವಾದಕ್ಕೆ. ವಚನ ಕನ್ನಡದಲ್ಲೇ ಹುಟ್ಟಿದ್ದು, ಅದು ಪೂರ್ಣ. ಪುರುಷಸೂಕ್ತವನ್ನ ಕನ್ನಡಕ್ಕೆ ತಂದರೆ ಅದು ಪುರುಷಸೂಕ್ತದ ಅರ್ಥ, ಅಭಿಷೇಕಕ್ಕೆ ಹೇಳೋ ಮಂತ್ರ ಆಗಲ್ಲ. ವೇದವನ್ನ ಉಳಿಸಿದ ರೀತಿಯೇ ಶಬ್ದದ ಮೇಲೆ ನಿಂತಿದೆ. ಕ್ರಮಪಾಠದಲ್ಲಿ ಪದಗಳು 1-2, 2-3 ಅಂತ ಹೋಗುತ್ತೆ. ಜಟೆಯಲ್ಲಿ 1-2, 2-1, 1-2. ಘನದಲ್ಲಿ 1-2, 2-1, 1-2-3, 3-2-1, 1-2-3. ಒಂದು ಪದ ಹಿಂದೆ ಮುಂದೆ ಎಲ್ಲ ಜೊತೆಯಲ್ಲೂ ಬರೋದ್ರಿಂದ ಯಾರೂ ನಡುವೆ ಒಂದು ಅಕ್ಷರ ತೂರಿಸೋಕಾಗಲ್ಲ, ಬಿಡೋಕೂ ಆಗಲ್ಲ. 2003ರಲ್ಲಿ ಯುನೆಸ್ಕೋ ಗುರುತಿಸಿದ್ದು ಈ ಪಠನ ಪರಂಪರೆಯನ್ನ.

ಕಪಿಲೆ ದಡ
ಉಳಿಸೋ ವಿಧಾನ ಅದ್ಭುತ, ಒಪ್ಪಿದೆ. ಆದ್ರೆ ಉಳಿಸೋದು ಬೇರೆ, ಉಪಾಸನೆ ಬೇರೆ. ಉಳಿಸೋಕೆ ಘನಪಾಠಿಗಳು ಇರಲಿ. ಭಾನುವಾರದ ಪಾರಾಯಣದಲ್ಲಿ ಕೂತ ಮೂವತ್ತು ಜನಕ್ಕೆ ತಾವು ಏನು ಹೇಳ್ತಿದ್ದೀವಿ ಅಂತ ಗೊತ್ತಿರಬಾರದಾ?

ಸಂಥೆ ಮೇಷ್ಟ್ರು
ಗೊತ್ತಿರಬೇಕು. ಹೇಳೋ ಮುಂಚೆ ಹತ್ತು ನಿಮಿಷ ಅರ್ಥ ಹೇಳಿ. ಹೇಳೋದನ್ನೇ ಬದಲಾಯಿಸಬೇಡಿ.

ತಂಬೂರಿ
ಸಂಸ್ಕೃತ, ತಮಿಳು, ವಚನ ಎಲ್ಲ ಆಯ್ತು. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ನೆನಪಾಗಲಿಲ್ವಾ ಯಾರಿಗೂ? ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡೋದು, ಮಾದೇಶ್ವರನ ಗುಡ್ಡರು ಕಂಸಾಳೆ ಹಿಡಿದು ಹಾಡೋದು ಯಾವ ಭಾಷೆ? ನಮ್ಮ ಕಡೆ ಆಡುಗನ್ನಡ. ಅದಕ್ಕೆ ಪುಸ್ತಕ ಇಲ್ಲ, ಲಿಪಿ ಪ್ರಶ್ನೆಯೇ ಇಲ್ಲ. ದೀಕ್ಷೆ ಇದೆ, ಗುಡ್ಡ ಬಿಡೋದು ಅಂತ. ಕಥೆಯನ್ನ ಸಾಲು ಸಾಲಾಗಿ ಕಟ್ಟಿರ್ತಾರೆ, ಸಂಕಮ್ಮನ ಸಾಲು ಇದೆಯಲ್ಲ, ಹಾಗೆ. ಮುಂದಾಳು ಒಂದು ನುಡಿ ಹೇಳಿದ ಮೇಲೆ ಹಿಮ್ಮೇಳದವರು ಸೊಲ್ಲು ಎತ್ತುತಾರೆ. ಆ ಸೊಲ್ಲು ಹಿಡಿಯೋ ಹೊತ್ತಿಗೆ ಮುಂದಾಳಿಗೆ ಮುಂದಿನ ನುಡಿ ಕಟ್ಟಿಕೊಳ್ಳೋಕೆ ಪುರಸೊತ್ತು.

ಇಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು ಅಂತ ಇಲ್ಲ. ಹಾಡೋನಿಂದ ಹಾಡೋನಿಗೆ ನುಡಿ ಬೇರೆ ಆಗುತ್ತೆ, ಸಾಲಿನ ನಡೆ ಬದಲಾಗಲ್ಲ. ಪವಿತ್ರ ಅಂದ್ರೆ ಬದಲಾಗಬಾರದು ಅನ್ನೋ ಮೇಷ್ಟ್ರ ಲೆಕ್ಕ ವೇದಕ್ಕೆ ಸರಿ, ಎಲ್ಲಕ್ಕೂ ಅಲ್ಲ.

ಸಕ್ಕರೆ ನಾಡು
ಅಂಗೆ ಯೋಳಣ್ಣ!

ಪಿರಿಯಾಪಟ್ಟಣ ಬಸ್
ಬೈಲಕುಪ್ಪೆ ಟಿಬೆಟಿಯನ್ನರದು ಇವೆರಡರ ನಡುವಿನ ದಾರಿ. ಬೌದ್ಧ ಗ್ರಂಥಗಳನ್ನ ಸಂಸ್ಕೃತದಿಂದ ಪೂರ್ತಿ ಟಿಬೆಟನ್ ಭಾಷೆಗೆ ಅನುವಾದ ಮಾಡಿಕೊಂಡರು, ಆದ್ರೆ ಮಂತ್ರ, ಧಾರಣಿಗಳನ್ನ ಅನುವಾದ ಮಾಡದೆ ಸಂಸ್ಕೃತವನ್ನೇ ಟಿಬೆಟನ್ ಲಿಪೀಲಿ ಬರೆದರು. ಬರವಣಿಗೆ ಹಾಗೇ ಉಳೀತು, ಬಾಯಲ್ಲಿ ಅವರ ನುಡಿಯ ಹದಕ್ಕೆ ಬಂತು. "ಸ್ವಾಹಾ" ಈಗ "ಸೋಹಾ", "ಪದ್ಮೇ" ಈಗ "ಪೇಮೆ", "ವಜ್ರ" ಈಗ "ಬೆಂಜ". ನಮ್ಡ್ರೋಲಿಂಗ್ ವಿಹಾರದಲ್ಲಿ ನಿಂತು ಕೇಳಿ ನೋಡಿ. ಅವರ ಮಂತ್ರ ಫಲ ಕೊಡಲ್ಲ ಅಂತ ಮೇಷ್ಟ್ರು ಹೇಳ್ತಾರಾ?

ಸಂಥೆ ಮೇಷ್ಟ್ರು
ಫಲದ ಲೆಕ್ಕ ನನ್ನ ಹತ್ತಿರ ಇಲ್ಲ. ಅವರ ಪರಂಪರೆಯಲ್ಲಿ ಗುರು ಬಾಯಿಂದ ಹಾಗೇ ಬಂದಿದ್ದರೆ ಅವರಿಗೆ ಅದೇ ಪ್ರಮಾಣ. ನಮ್ಮಲ್ಲೂ ಋಗ್ವೇದಿಗಳು "ಅಗ್ನಿಮೀಳೇ" ಅಂತ ಳಕಾರ ಹೇಳ್ತಾರೆ, ಬೇರೆ ಶಾಖೆಯಲ್ಲಿ ಅಂಥ ಜಾಗದಲ್ಲಿ ಡಕಾರ ಬರುತ್ತೆ. ಯಾರೂ ಯಾರನ್ನೂ ತಿದ್ದಲ್ಲ.

ಮಂಡಿ ಮೊಹಲ್ಲಾ
ಕುರ್‌ಆನಿಗೂ ಇದೇ ಕಥೆ. ಕನ್ನಡ ಲಿಪೀಲಿ ಅರಬ್ಬಿ ಬರೆದ ಪುಸ್ತಕಗಳಿವೆ, ನಮಾಜಿನ ಚಿಕ್ಕ ಸೂರಾಗಳಿಗೆ ಜನ ಬಳಸ್ತಾರೆ, ಉಲಮಾಗಳು ಬೇಡ ಅಂತಾರೆ. ಕಾರಣ ನೋಡಿ: ಅರಬ್ಬಿಯ 28 ಅಕ್ಷರದಲ್ಲಿ ಸೀನ್, ಸ್ವಾದ್, ಸಾ ಮೂರಕ್ಕೂ ಕನ್ನಡದಲ್ಲಿ ಸ. ಎರಡು ಬೇರೆ ಹಕಾರಕ್ಕೆ ಒಂದೇ ಹ. ಕಾಫ್ ಎರಡಿವೆ, ಒಂದು ನಾಲಿಗೆ ಬುಡದಿಂದ, ನಮ್ಮಲ್ಲಿ ಎರಡೂ ಕ. ಐನ್‌ಗೆ ಅಕ್ಷರವೇ ಇಲ್ಲ. ಸಂಸ್ಕೃತದ ಎಲ್ಲ ಧ್ವನಿಗೂ ಕನ್ನಡದಲ್ಲಿ ಜಾಗ ಇದೆ, ನಿಮ್ಮ ಜಗಳ ಬರೀ ಗೆರೆಯದ್ದು. ನಮಗೆ ಅಕ್ಷರವೇ ಸಾಲಲ್ಲ, ಅದಕ್ಕೇ ಮಕ್ಕಳಿಗೆ ಮೊದಲು ಕಾಯಿದಾ (ಅರಬ್ಬಿ ಅಕ್ಷರಾಭ್ಯಾಸದ ಪುಸ್ತಕ) ಕಲಿಸೋದು. ಒಂದೊಂದು ಅಕ್ಷರ ಬಾಯಲ್ಲಿ ಎಲ್ಲಿ ಹುಟ್ಟುತ್ತೆ ಅನ್ನೋದರಿಂದ ಶುರು, ಆಮೇಲೆ ತಜ್ವೀದ್ (ಪಠಣದ ಉಚ್ಚಾರಣೆಯ ನಿಯಮ). ಅರ್ಥಕ್ಕೆ ಕನ್ನಡ ಅನುವಾದ ಓದ್ತಾರೆ, ಆದ್ರೆ ನಮಾಜಲ್ಲಿ ಓದೋದು ಅರಬ್ಬಿಯೇ.

ಗೊಮ್ಮಟಗಿರಿ ರಸ್ತೆ
ಜೈನರ ಣಮೋಕಾರ ಮಂತ್ರ ಪ್ರಾಕೃತದ್ದು, 35 ಅಕ್ಷರ. ದಿಗಂಬರರು "ಣಮೋ", ಶ್ವೇತಾಂಬರರು "ನಮೋ". ಮೊಬೈಲ್ ಕೀಬೋರ್ಡು "ಉವಜ್ಝಾಯಾಣಂ" ಅನ್ನೋದನ್ನ "ಉಪಾಧ್ಯಾಯ" ಮಾಡಿ ಸಂಸ್ಕೃತಕ್ಕೆ ತಿದ್ದುತ್ತೆ, ಫಾರ್ವರ್ಡ್ ಮಾಡೋ ಮುಂಚೆ ನೋಡಿ. ಲಿಪಿ ಬಗ್ಗೆ ಹೇಳೋದಾದ್ರೆ, ದಿಗಂಬರರ ಷಟ್ಖಂಡಾಗಮ ಪ್ರಾಕೃತದ್ದು, ಅದರ ಧವಲಾ ಟೀಕೆಯ ತಾಳೆಗರಿ ಮೂಡಬಿದರೆಯಲ್ಲಿ ಉಳಿದದ್ದು ಹಳಗನ್ನಡ ಲಿಪಿಯಲ್ಲಿ. ಕನ್ನಡ ಲಿಪಿ ಇಲ್ಲದೇ ಹೋಗಿದ್ರೆ ಗ್ರಂಥವೇ ಇರ್ತಿರಲಿಲ್ಲ.

ಅಶೋಕಾ ರೋಡ್
ರೋಮನ್ ಕ್ಯಾಥೋಲಿಕ್ ಕ್ರೈಸ್ತರಲ್ಲಿ ಈ ಚರ್ಚೆಗೆ ತಾರೀಖೇ ಇದೆ. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಪರಿಷತ್ತು ಆಡುನುಡಿಗೆ ದಾರಿ ಬಿಟ್ಟಿತು. ಅದೇ ಕಡತ ಲ್ಯಾಟಿನ್ ಉಳಿಸಿಕೊಳ್ಳಿ ಅಂತಲೂ ಹೇಳುತ್ತೆ. ಅದಕ್ಕೂ ಮುಂಚೆ ಪೂಜೆ ಲ್ಯಾಟಿನ್‌ನಲ್ಲೇ, ಈಗ ಸಂತ ಫಿಲೋಮಿನಾದಲ್ಲಿ ಕನ್ನಡದ ಪೂಜೆ ಇದೆ. ಆದ್ರೂ "ಆಮೆನ್", "ಅಲ್ಲೆಲೂಯ" ಹೀಬ್ರೂದಿಂದ ಬಂದದ್ದು ಹಾಗೇ ಉಳಿದಿದೆ, ಅದನ್ನ ಕನ್ನಡ ಮಾಡಿ ಅಂತ ಯಾರೂ ಕೇಳಲ್ಲ. ಅನುವಾದ ಆದಾಗ ಬರೋ ಕಷ್ಟವೇ ಬೇರೆ: ಹಳೇ ಲ್ಯಾಟಿನ್ ರಾಗಕ್ಕೆ ಕನ್ನಡ ಪದ ಕೂರಲ್ಲ. ಕನ್ನಡದ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ರಾಗ ಮುಗಿದ ಮೇಲೂ ಪದ ಉಳಿದಿರುತ್ತೆ. ಹಾಗಾಗಿ ಹೊಸ ಮಟ್ಟು ಕಟ್ಟಬೇಕಾಗುತ್ತೆ.

ಚಾಮುಂಡಿಪುರಂ
ಸಂಸ್ಕೃತ ಮಾತಾಡೋ ಊರು ಮಂಡ್ಯ ಹತ್ರಾನೇ ಇದೆಯಲ್ಲ, ಮತ್ತೂರು. ಅಲ್ಲಿ ಯಾರನ್ನಾದ್ರೂ ಕೇಳಿದ್ರಾಯ್ತು.

ಪುಳಿಯೋಗರೆ ಅಯ್ಯಂಗಾರ್
ಮತ್ತೂರು ಶಿವಮೊಗ್ಗ ಜಿಲ್ಲೆ, ತುಂಗೆಯ ದಡದಲ್ಲಿ. ನೀವು ಹೇಳೋದು ಮದ್ದೂರು, ಅಲ್ಲಿ ವಡೆ ಸಿಗುತ್ತೆ.

ಅಗ್ರಹಾರ ಸರ್ಕಲ್
ಮದ್ದೂರು ವಡೆಗೆ ಸ್ವರ ಬೇಡ, ಕರುಂ ಕುರುಂ ಸಾಕು.

ಚಾಮುಂಡಿಪುರಂ
ಮೈಸೂರಲ್ಲೇ ಸಂಸ್ಕೃತ ದಿನಪತ್ರಿಕೆ ಬರುತ್ತೆ ಅಂತಾದ್ರೂ ನಿಜಾನಾ?

ಸಂಥೆ ಮೇಷ್ಟ್ರು
ಸುಧರ್ಮಾ. 1970ರಲ್ಲಿ ಶುರುವಾದದ್ದು. ಆದರೆ ಅದು ಲೌಕಿಕ ಸಂಸ್ಕೃತ, ವೇದದ ಭಾಷೆ ಅಲ್ಲ. ಪತ್ರಿಕೆ ಓದೋಕೆ ಬಂದಮಾತ್ರಕ್ಕೆ ಸೂಕ್ತ ಹೇಳೋಕೆ ಬರಲ್ಲ.

ಕುಕ್ಕರಹಳ್ಳಿ ವಾಕರ್
ಎಲ್ಲರಿಗೂ ನಮಸ್ಕಾರ. ಗುಂಪಿನ ಪಿಡಿಎಫ್ ತೆಗೆದು ನೋಡಿದೆ. "ಏವೇದಗ್ಂ" ಇದೆ, ಹಾಗಾದ್ರೆ ಯಜುರ್ವೇದದ್ದು. ಆಡಿಯೋದಲ್ಲಿ 16ಕ್ಕೇ ನಿಲ್ಲಿಸ್ತಾರೆ. "ಸ್ರಾ" ಕೆಳಗೆ ಗೆರೆ ಇಲ್ಲ.

ಸಂಥೆ ಮೇಷ್ಟ್ರು
ಎರಡನ್ನೂ ಬಿಡಿ. ಯಜುರ್ವೇದದ ಆಡಿಯೋ ಹುಡುಕಿ, ಅಚ್ಚಾದ ಹಳೇ ಕನ್ನಡ ಪುಸ್ತಕ ಒಂದು ತಂದು ಅದರಿಂದ ಗೆರೆಗಳನ್ನ ಕೈಯಲ್ಲೇ ಹಾಕಿಕೊಳ್ಳಿ. ಅಡಿಗೆರೆಗೆ ಕೆಂಪು ಶಾಯಿ, ಮೇಲ್ಗೆರೆಗೆ ನೀಲಿ. ಒತ್ತಿಗೂ ಗೆರೆಗೂ ಗೊಂದಲ ಆಗಲ್ಲ.

ಫಾಂಟ್ ರಿಪೇರಿ
ಕೈಯಲ್ಲಾ? 18 ಮಂತ್ರನಾ? ಪಠ್ಯದ ಫೈಲ್ ಇದ್ರೆ ಕಳಿಸಿ, ಗೆರೆ ಕೂರಿಸಿ ಕೊಡ್ತೀನಿ. ಸ್ಕ್ಯಾನ್ ಫೋಟೋ ಕಳಿಸಬೇಡಿ.

ಕಪಿಲೆ ದಡ
ಎದುರು ಪುಟದಲ್ಲಿ ಕನ್ನಡ ಅರ್ಥವನ್ನೂ ಹಾಕಿ ಅಂತ ನನ್ನ ಒತ್ತಾಯ.

ಸಂಥೆ ಮೇಷ್ಟ್ರು
ಹಾಕಿ, ಬೇಡ ಅಂದಿಲ್ಲವಲ್ಲ. ಎದುರು ಪುಟದಲ್ಲಿ ಮಾತ್ರ. ಸಾಲಿನ ಮಧ್ಯೆ ಹಾಕಿದ್ರೆ ಜನ ಅಲ್ಲೇ ಉಸಿರು ನಿಲ್ಲಿಸ್ತಾರೆ, ಸಂತಾನ ಕೆಡುತ್ತೆ.

ಪುಳಿಯೋಗರೆ ಅಯ್ಯಂಗಾರ್
ಫಾಂಟ್‌ನವರೇ, ಹಾಗೇ ಆ ತಿರುಪ್ಪಾವೈಗೂ ಒಂದು ೞ ಹಾಕಿಕೊಡಿ.